ಮೊರದ ಮೇಲೆ ಬರೆದವನ ಸದ್ದು

ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಯಾರಾದರೂ ನನ್ನ ಚೀಲ ಬಿಚ್ಚಿ ನೋಡಿದ್ದರೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬರುತ್ತಿರಲಿಲ್ಲ. ಒಂದು ಜೊತೆ ಹೆಂಗಸರ ಹೀಲ್ಡ್ ಚಪ್ಪಲಿ, ಗಾಜಿನ ಬಳೆ, ಕಾಲ್ಗೆಜ್ಜೆ, ತೆಂಗಿನ ಚಿಪ್ಪು, ತುಕ್ಕು ಹಿಡಿದ ಬಾಗಿಲ ಚಿಲಕ, ಹಳೆಯ ರೇಷ್ಮೆ ಸೀರೆಯ ತುಂಡು, ಕೆಲವು ದಿನ ಒಂದು ಎಲೆಕೋಸು. ಒಮ್ಮೆ ರೈಲ್ವೆ ಪೊಲೀಸರೊಬ್ಬರು ಬಿಚ್ಚಿಸಿಯೂಬಿಟ್ಟರು.

"ಏನ್ರೀ ಇದು, ಯಾರ್ ಮನೇದು?"

"ಸಿನಿಮಾದೋನು ಸಾರ್. ಹೀರೋಯಿನ್ ನಡೆಯೋವಾಗ ಸದ್ದು ಬರುತ್ತಲ್ಲ, ಅದು ನಾನು."

ಅವರು ನನ್ನ ಕಾಲುಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, "ಮದುವೆ ಆಗಿದ್ಯಾ?" ಅಂತ ಕೇಳಿ ಮುಂದಕ್ಕೆ ಹೋದರು.

ನಮ್ಮ ಕೆಲಸಕ್ಕೆ ಸ್ಟುಡಿಯೋದಲ್ಲಿ ಎಫೆಕ್ಟ್ಸ್ ಅನ್ನುತ್ತಾರೆ. ಶೂಟಿಂಗ್ ನಡೆಯುವ ಜಾಗದಲ್ಲಿ ಮಾತು ಬಿಟ್ಟು ಬೇರೆ ಸದ್ದು ನೆಟ್ಟಗೆ ಸಿಕ್ಕುವುದಿಲ್ಲ. ನಡಿಗೆ, ಬಟ್ಟೆಯ ಸರಬರ, ಲೋಟ ಇಡುವುದು, ಬಾಗಿಲು ತೆಗೆಯುವುದು, ಇವನ್ನೆಲ್ಲ ಆಮೇಲೆ ಪರದೆಯ ಮೇಲೆ ಚಿತ್ರ ನೋಡುತ್ತಾ ಮೈಕಿನ ಮುಂದೆ ನಾವು ಮಾಡಬೇಕು. ಮೂಳೆ ಮುರಿಯುವುದಕ್ಕೆ ಕಬ್ಬು, ಗುದ್ದುವುದಕ್ಕೆ ನೆನೆಸಿದ ಗೋಣಿಚೀಲ, ಚಾಕು ಹಾಕುವುದಕ್ಕೆ ಎಲೆಕೋಸು, ರಕ್ತಕ್ಕೆ ಕೋಲಾರದ ಮಾರ್ಕೆಟ್ಟಿನ ಹಣ್ಣಾದ ಟೊಮೇಟೊ. ಮೂವತ್ತು ವರ್ಷ ಹೀಗೆ ಮಾಡಿದೆ. ಈಗ ಸ್ಟುಡಿಯೋದಲ್ಲಿ ನಮ್ಮ ಕೋಣೆ ಇಲ್ಲ. ವಯಸ್ಸು ಇನ್ನೂ ಇತ್ತು, ಕೆಲಸವೇ ಮೊದಲು ನಿವೃತ್ತಿಯಾಯಿತು. ಹೊಸದಾಗಿ ಈ ದಾರಿಗೆ ಬರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, ಆಗ ಹೇಗೆ ಮಾಡುತ್ತಿದ್ದಿರಿ ಅಂತ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನಾನು ಹುತ್ತೂರಿನವನು. ಅಮ್ಮ ರೇಷ್ಮೆ ಹುಳ ಸಾಕುತ್ತಿದ್ದಳು. ನಮ್ಮದು ಒಂದೇ ಉದ್ದನೆಯ ಮನೆ. ಅರ್ಧದಲ್ಲಿ ಹುಳದ ತಟ್ಟೆಗಳು, ಅರ್ಧದಲ್ಲಿ ನಾವು. ಹುಳ ನಾಲ್ಕು ಸಲ ಪೊರೆ ಬಿಡುತ್ತವೆ. ಮೇಯುವುದು ನಿಲ್ಲಿಸಿ ತಲೆ ಎತ್ತಿ ಕೂತುಬಿಡುತ್ತವೆ, ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಹೊಟ್ಟೆಯೇ ತುಂಬುವುದಿಲ್ಲ. ಆಗ ಮನೆಯೊಳಗೆ ಹಿಪ್ಪುನೇರಳೆ ಸೊಪ್ಪು ಮೇಯುವ ಒಂದು ಸದ್ದು ಹುಟ್ಟುತ್ತದೆ. ಹೊಸಬರು ಮಳೆ ಬಂತು ಅಂದುಕೊಂಡು ಬಟ್ಟೆ ತೆಗೆಯಲು ಹೊರಗೆ ಓಡುತ್ತಾರೆ. ಆ ಸದ್ದಿನ ಪಕ್ಕದಲ್ಲೇ ನಾನು ಬೆಳೆದದ್ದು. ಈಗ ಊರಿನಲ್ಲಿ ಹುಳದ ಶೆಡ್ಡು ತೋಟದಲ್ಲಿದೆ, ಮನುಷ್ಯರ ಮನೆ ಊರಿನಲ್ಲಿದೆ. ಹುಳಕ್ಕೂ ಒಳ್ಳೆಯದು, ಮನುಷ್ಯರಿಗೂ ಒಳ್ಳೆಯದು ಅನ್ನುತ್ತಾರೆ. ಇರಬಹುದು. ಆದರೆ ಆ ಸದ್ದಿನ ಪಕ್ಕ ಮಲಗಿ ಎದ್ದವರು ನಾವೇ ಕೊನೆ.

ನನಗೆ ಕೆಲಸ ಕಲಿಸಿದವರು ಶ್ರೀಕಂಠಯ್ಯನವರು. ಸದ್ದು, ಮಾತು, ಸಂಗೀತ ಮೂರನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್ ಎಂಜಿನಿಯರ್. ಗಾಜಿನ ಆಚೆ ಕೂತು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದರು. ನಾನು ಇಡೀ ದಿನ ನಡೆದು ಕಾಲು ಬಾತುಕೊಂಡಿದ್ದರೆ, ಸ್ಪೀಕರಿನಲ್ಲಿ ಅವರ ದನಿ ಬರುತ್ತಿತ್ತು. "ನಾಗರಾಜ, ಅವರಪ್ಪ ಸತ್ತಿರೋದು ಕಣಯ್ಯ. ನೀನು ಬೀಗರೂಟಕ್ಕೆ ಹೋಗೋನ ತರ ನಡೀತಿದೀಯ." ಮತ್ತೆ ಬಾಗಿಲ ಹತ್ತಿರದಿಂದ ನಡೆಯಬೇಕು. ಅವರು ಹೊಗಳಿದ್ದು ಕಡಿಮೆ. ಚೆನ್ನಾಗಿ ಬಂದರೆ ಏನೂ ಹೇಳುತ್ತಿರಲಿಲ್ಲ, ಕಾಫಿ ತರಿಸುತ್ತಿದ್ದರು.

ಆ ಕಾಲದಲ್ಲಿ ತಪ್ಪು ತಿದ್ದುವುದು ಕಷ್ಟವಿತ್ತು. ಒಂದು ರೀಲಿನ ಸದ್ದನ್ನೆಲ್ಲ ಒಂದೇ ಉಸಿರಿಗೆ ಮಾಡಬೇಕು. ಕೊನೆಯಲ್ಲಿ ಒಂದು ಬಳೆ ಜಾರಿದರೂ ಮೊದಲಿನಿಂದ. ನನ್ನ ಜೊತೆಯ ಬಸವರಾಜು ಒಂದು ಚಿತ್ರದಲ್ಲಿ ಅವಸರಕ್ಕೆ ಬೂಟು ಬಿಚ್ಚದೆಯೇ ಗದ್ದೆಯ ದೃಶ್ಯಕ್ಕೆ ನಡೆದುಬಿಟ್ಟಿದ್ದ. ಯಾರೂ ಗಮನಿಸಲಿಲ್ಲ. ಅದನ್ನು ನಾನು ನನ್ನ ಭಾವಮೈದುನನ ಜೊತೆ ಶ್ರೀನಿವಾಸಪುರದ ಟಾಕೀಸಿನಲ್ಲಿ ನೋಡಿದೆ. ಹಿಂದಿನ ಸಾಲಿನಿಂದ ಒಬ್ಬ, "ಲೇ, ಆವಯ್ಯ ಬೂಟಾಕ್ಕೊಂಡು ನಾಟಿಗಿಳಿದವ್ನೆ ಕಣೋ, ನಮ್ಮ ತಾಸೀಲ್ದಾರ್ರು ಇದ್ದಂಗವ್ನೆ" ಅಂದ. ಟಾಕೀಸೆಲ್ಲ ನಕ್ಕಿತು. ಜನಕ್ಕೆ ಸದ್ದು ಗೊತ್ತಾಗುವುದಿಲ್ಲ ಅಂತ ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಗೊತ್ತಾಗಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಆಮೇಲೆ ಕಂಪ್ಯೂಟರ್ ಬಂತು. ಒಂದೊಂದೇ ಸದ್ದನ್ನು ಬೇರೆ ಬೇರೆ ಮಾಡಿ ಜೋಡಿಸಬಹುದು ಅಂತಾಯಿತು. ಅದು ಸುಖವೇ. ಅದರ ಹಿಂದೆಯೇ ರೆಡಿ ಸದ್ದುಗಳೂ ಬಂದವು. ಯಾವುದೋ ದೇಶದ ಮಳೆ, ಯಾವುದೋ ದೇಶದ ಬಾಗಿಲು. ಗುಂಡಿ ಒತ್ತಿದರೆ ಬೀಳುತ್ತದೆ. ಸದ್ದು ಹುಡುಕುವ ನನ್ನ ಅಭ್ಯಾಸ ಮಾತ್ರ ಮನೆಯಲ್ಲೂ ಬಿಡಲಿಲ್ಲ. ಲಕ್ಕೂರಿನ ಹೆಣ್ಣು ನನ್ನ ಹೆಂಡತಿ ಸಾವಿತ್ರಿ, ಯಾರು ಬಂದರೂ ದೂರು ಹೇಳುತ್ತಾಳೆ. "ಕುಂಬಳಕಾಯಿ ತಟ್ಟಿ ನೋಡೋರು ಇರ್ತಾರೆ. ಇವರು ಬದನೇಕಾಯಿನೂ ತಟ್ತಾರೆ. ಅಂಗಡಿಯೋನು ನನ್ನ ಮುಖ ನೋಡ್ತಾನೆ."

ಹೀಗಿರುವಾಗ ಬಂತು ಆ ಚಿತ್ರ. ನನ್ನ ಕೊನೆಯದು.

ತಾಯಲೂರಿನ ಹತ್ತಿರದ ಹಳ್ಳಿಯವರು ಚಿನ್ನಪ್ಪ. ಊರ ಹೊರಗಿನ ಕೇರಿಯ ಮನೆ, ತಾಯಿ ಇಲ್ಲ, ತಂದೆ ಕೂಲಿಗೆ ಹೋಗುವವರು. ಅಕ್ಕ ತಮ್ಮ ಇಬ್ಬರೇ ಹುಳ ಸಾಕಿಕೊಂಡು ಬೆಳೆದವರು. ಆ ತಮ್ಮ ಗಣಿತದಲ್ಲಿ ದೊಡ್ಡ ಹೆಸರಾಗಿ, ಹೊರದೇಶದಲ್ಲಿ ಪಾಠ ಮಾಡಿ, ಕೊನೆಗೆ ವಾಪಸ್ಸು ಬಂದು ಇಲ್ಲೇ ತೀರಿಕೊಂಡರು. ಅವರ ಮೇಲೆ ಚಿತ್ರ ಮಾಡಿದ ನಿರ್ದೇಶಕ ಇನ್ನೂ ಚಿಕ್ಕ ವಯಸ್ಸಿನವನು, ಕಾರ್ತಿಕ್ ಅಂತ. ಒಳ್ಳೆಯ ಹುಡುಗ. ಶಾಲೆಯಲ್ಲಿ ಬೇರೆ ಕೂರಿಸುವುದು, ಕಾಲೇಜಿನಲ್ಲಿ ಅಣಕಿಸುವುದು, ಎಲ್ಲವನ್ನೂ ಮರ್ಯಾದೆಯಿಂದ ತೆಗೆದಿದ್ದ.

ಅದರಲ್ಲೊಂದು ದೃಶ್ಯ. ಹುಳದ ಮನೆ. ಅಕ್ಕ ಒಂದು ಮೂಲೆಯಲ್ಲಿ ಮಲಗಿದ್ದಾಳೆ. ತಟ್ಟೆಗಳ ನಡುವೆ ಹುಡುಗ ನಮಗೆ ಬೆನ್ನು ಹಾಕಿ ಕೂತು ಏನೋ ಬರೆಯುತ್ತಿದ್ದಾನೆ. ಬೆನ್ನು ಕಾಣುತ್ತದೆ, ಭುಜ ಅಲುಗುವುದು ಕಾಣುತ್ತದೆ, ಕೈ ಕಾಣುವುದಿಲ್ಲ. ಮಾತಿಲ್ಲ. ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು.

"ಇಲ್ಲಿ ಸ್ಲೇಟ್ ಮೇಲೆ ಬಳಪದ ಸದ್ದು ಹಾಕಿ ಅಂಕಲ್," ಅಂದ ಕಾರ್ತಿಕ್. "ಫಾಸ್ಟಾಗಿ, ನಿಲ್ಲಿಸದೇ ಬರೀಬೇಕು. ಹುಳಕ್ಕೆ ಮಳೆ ಸದ್ದು ಸಾಕು. ಹೆಂಗೂ ಮೇಲೆ ವಯಲಿನ್ ಬರುತ್ತೆ."

ಹುಳಕ್ಕೆ ಮಳೆ ಅನ್ನುವುದು ನನ್ನಿಂದ ಆಗಲಿಲ್ಲ. ಹುತ್ತೂರಿಗೆ ಹೋಗಿ, ದೊಡ್ಡಪ್ಪನ ಮಗ ವೆಂಕಟೇಶನ ಶೆಡ್ಡಿನಿಂದ ನಾಲ್ಕನೇ ಜ್ವರ ಎದ್ದ ಹುಳ ಎರಡು ತಟ್ಟೆ ಇಸಿದುಕೊಂಡು ಬಾಡಿಗೆ ಕಾರಿನಲ್ಲಿ ಸ್ಟುಡಿಯೋಕ್ಕೆ ತಂದೆ. ಸೊಪ್ಪು ಒರೆಸಿ ಕತ್ತರಿಸಲು ಮಹಡಿಗೆ ಹೋದೆ. ಅಷ್ಟರಲ್ಲಿ ಬಸವರಾಜು ಪೂಜೆ ಮುಗಿಸಿದ್ದ. ನಮ್ಮಲ್ಲಿ ಹೊಸ ಚಿತ್ರದ ಮೊದಲ ಸದ್ದು ಹಿಡಿಯುವ ಮುಂಚೆ ಮೈಕಿಗೆ ಪೂಜೆ ಮಾಡದೆ ಯಾರೂ ಕೆಮ್ಮುವುದೂ ಇಲ್ಲ. ಕಾಯಿ ಒಡೆದು, ಕರ್ಪೂರ ಹಚ್ಚಿ, ಇದು ದೊಡ್ಡ ಮನುಷ್ಯರ ಚಿತ್ರ ಅಂತ ಊದುಬತ್ತಿ ಒಂದು ಕಟ್ಟು ಪೂರ್ತಿ ಹಚ್ಚಿದ್ದ. ಕಿಟಕಿ ಇಲ್ಲದ ಕೋಣೆ. ನಾನು ಬಂದಾಗ ಹುಳಗಳೆಲ್ಲ ಮುಂಭಾಗ ಎತ್ತಿ ಗಾಳಿಯಲ್ಲಿ ಹಾಗೇ ನಿಂತಿದ್ದವು.

"ನೋಡೋ ನಾಗರಾಜ," ಅಂದ ಬಸವರಾಜು, ಕಣ್ಣು ತುಂಬಿಕೊಂಡು. "ದೇವರಿಗೆ ಹೆಂಗೆ ಕೈ ಮುಗೀತವೆ."

ಕೈ ಮುಗಿಯುವುದಲ್ಲ, ಹೊಗೆಗೆ ಉಸಿರು ಕಟ್ಟುವುದು. ತಟ್ಟೆಗಳನ್ನು ಹೊತ್ತು ಮಹಡಿಗೆ ಓಡಿದೆವು. ಅರ್ಧ ಉಳಿದವು, ಆದರೆ ಮೇಯಲಿಲ್ಲ. ವಾಪಸ್ಸು ತಂದುಕೊಟ್ಟಾಗ ವೆಂಕಟೇಶ ತಟ್ಟೆ ಮೂಸಿ ನೋಡಿದ. "ಹುಳದ ಮನೇಲಿ ಹುಟ್ಟಿದೋನು, ಊದುಬತ್ತಿ ಹಚ್ಚೋರ ಕೈಗೆ ಕೊಟ್ಟೇನ್ಲಾ? ಚಿಕ್ಕಮ್ಮ ಇದ್ದಿದ್ರೆ ನಿನ್ನನ್ನೇ ಹೊರಗೆ ಮಲಗಿಸೋರು."

ಮುಂದಿನ ಬೆಳೆಗೆ ಮೈಕನ್ನೇ ಅವನ ಶೆಡ್ಡಿಗೆ ಒಯ್ದೆ. ಪಕ್ಕದ ತೋಟದಲ್ಲಿ ಬೋರ್‌ವೆಲ್ ಮೋಟರು, ಎದುರು ಮನೆಯಲ್ಲಿ ತೆಲುಗು ಸೀರಿಯಲ್ಲು. ಎರಡೂ ನಿಂತಾಗ ಕರೆಂಟೇ ಹೋಗಿತ್ತು. ಆಗ ಬ್ಯಾಟರಿಯಲ್ಲೇ ಒಂದಿಷ್ಟು ಸಿಕ್ಕಿತು. ಶ್ರೀಕಂಠಯ್ಯನವರು ಕೇಳಿ ಕಣ್ಣು ಬಿಟ್ಟರು. "ಏನಯ್ಯಾ ಇದು, ಒಗ್ಗರಣೆ?" ಮೈಕು ಹತ್ತಿರ ಹೋದಷ್ಟೂ ನಿಜವಾದ ಸದ್ದು ಸುಳ್ಳಾಗುತ್ತದೆ. ಇದನ್ನು ಅವರೇ ನನಗೆ ಕಲಿಸಿದ್ದು.

ಹುಳದ ಸದ್ದು ಹಾಗೇ ನಿಂತಿತು. ಇನ್ನು ಬರೆಯುವ ಸದ್ದು. ಚಿನ್ನಪ್ಪನವರು ಹುಡುಗನಾಗಿದ್ದಾಗ ಹೇಗೆ ಬರೆಯುತ್ತಿದ್ದರು ಅಂತ ಕಾರ್ತಿಕ್‌ನನ್ನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. "ಅವರ ಅಕ್ಕ ಇದ್ದಾರೆ ಅಂಕಲ್, ಯಲ್ಲಮ್ಮ. ಕಣ್ಣು ಪೂರ್ತಿ ಹೋಗಿದೆ. ನಮ್ಮ ಜೊತೆ ಜಾಸ್ತಿ ಮಾತಾಡಲಿಲ್ಲ. ಹೋದ್ರೆ ಬೈಸ್ಕೋತೀರ."

ಹೋದೆ. ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ ತಾಯಲೂರು, ಅಲ್ಲಿಂದ ಆಟೋ. ಬಾಗಿಲು ತೆಗೆದವಳು ಮೊಮ್ಮಗಳು ಪ್ರಮೀಳಾ. ಮಾಲೂರಿನ ಕಡೆ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಆವತ್ತು ರಜೆ. ಒಳಗೆ ಮಂಚದ ಮೇಲೆ ಸಣ್ಣಗೆ ಕೂತಿದ್ದ ಅಜ್ಜಿ ನನ್ನ ಕಡೆ ತಲೆ ತಿರುಗಿಸಲಿಲ್ಲ, ಕಿವಿ ತಿರುಗಿಸಿದರು. ಅದು ನನಗೆ ತಕ್ಷಣ ಅರ್ಥವಾಯಿತು. ಶ್ರೀಕಂಠಯ್ಯನವರೂ ಹಾಗೆಯೇ ಮಾಡುವುದು.

"ಸಿನಿಮಾದೋರು ಅವ್ವಾ," ಅಂದಳು ಪ್ರಮೀಳಾ.

"ಇನ್ನೂ ಮುಗೀಲಿಲ್ಲವಾ ಅದು. ಕೂರ್ಚೋ ನಾಯನಾ, ಕೂತ್ಕೋಪ್ಪಾ," ಅಂದರು. ಅವರ ಮಾತಿನಲ್ಲಿ ತೆಲುಗು ಯಾವಾಗ ಬಂದು ಯಾವಾಗ ಹೋಗುತ್ತದೆ ಗೊತ್ತಾಗುತ್ತಿರಲಿಲ್ಲ. "ಅವತ್ತು ಬಂದ ಹುಡುಗ ಫೋನಲ್ಲಿ ಕೇಳಿಸ್ದ. ನಿಮ್ಮ ತಮ್ಮ ಮಾತಾಡ್ತಾರೆ ಕೇಳಿ ಅಂದ. ಯಾರೋ ಬೆಂಗಳೂರು ಹುಡುಗನ ದನಿ. ನಮ್ಮೋನು ಹಂಗೆ ಮಾತಾಡಿದ್ದೇ ಇಲ್ಲ. ಮುಖ ಅವನ ಥರನೇ ಇದೆ ಅಂತಾರೆ. ನಂಗೆ ಮುಖ ಕಟ್ಕೊಂಡೇನು. ಅದ್ರಲ್ಲಿ ಅವನು ಇಲ್ಲ, ನಾನು ಬರಲ್ಲ."

"ನಾನು ಮಾತಿನೋನಲ್ಲ ಅವ್ವಾ, ಸದ್ದಿನೋನು. ಹುಳದ ಮನೇಲಿ ಅವರು ಬರೀತಿದ್ರಲ್ಲ, ಅದು ಹೆಂಗೆ ಕೇಳಿಸ್ತಿತ್ತು ಅಂತ ಕೇಳೋಕೆ ಬಂದೆ. ಬಳಪದಲ್ಲಿ ಬರೀತಿದ್ರಾ?"

ಅವರು ಮಂಚದ ಮೇಲೆ ನನ್ನ ಕಡೆ ಸರಿದರು.

"ಬಳಪ ಎಲ್ಲಿಂದ. ಇಸ್ಕೂಲಲ್ಲಿ ಬೋರ್ಡಿನ ಮೇಲೆ ಲೆಕ್ಕ ಮಾಡು ಅಂತ ಎಬ್ಬಿಸೋರು. ಸೀಮೆಸುಣ್ಣ ಎಲ್ಲಾರ್ಗೂ ಕೈಗೆ ಕೊಡೋರು, ಇವನಿಗೆ ಮಾತ್ರ ಹೊಸಿಲ ಹತ್ರ ನೆಲಕ್ಕೆ ಹಾಕೋರು, ಎತ್ಕೋಬೇಕು. ಇವನು ಎತ್ಕೊಳ್ಳಲಿಲ್ಲ. ನಿಂತ ಜಾಗದಿಂದ್ಲೇ ಬಾಯಲ್ಲಿ ಉತ್ತರ ಹೇಳ್ದ. ಅದಕ್ಕೂ ಹೊಡೆದ್ರು. ಕಾಲೇಜಿಗೆ ಹೋಗೋಗಂಟ ಅವನು ಅದನ್ನ ಮುಟ್ಟಲಿಲ್ಲ."

"ಮತ್ತೆ ಮನೇಲಿ?"

"ಮೊರದಲ್ಲಿ," ಅಂದರು. ಮುಖ ಸ್ವಲ್ಪ ಸಡಿಲವಾಯಿತು. "ಹುಳ ಜ್ವರಕ್ಕೆ ಕೂತಾಗ ಮೇಲೆ ಉದುರಿಸ್ತೀವಲ್ಲ ಸುಣ್ಣದ ಪುಡಿ, ಅದನ್ನ ಒಂದು ಹಳೇ ಮೊರದಲ್ಲಿ ಹರಡ್ಕೊಳ್ಳೋನು. ಸೊಪ್ಪಿನ ಕಡ್ಡಿ ತಗೊಂಡು ಬರೆಯೋನು. ತುಂಬಿದ್ರೆ ಮೊರ ಅಲ್ಲಾಡಿಸಿದ್ರಾಯ್ತು, ಮತ್ತೆ ಹೊಸ ಹಾಳೆ. ಊರೋರು ನಗೋರು, ಏನ್ಲಾ ಚಿನ್ನ, ಹೆಣ್ಣಿನಂಗೆ ಕೇರ್ತೀಯಾ, ಮದುವೆ ಮಾಡ್ಕೊಡ್ಲಾ ಅಂತ."

"ಬೇಗ ಬೇಗ ಬರೀತಿದ್ರಾ?"

"ಅಯ್ಯೋ, ಇಲ್ಲ ನಾಯನಾ. ಬರೆಯೋದಕ್ಕಿಂತ ಸುಮ್ಮನಿರೋದೇ ಜಾಸ್ತಿ." ಅವರು ಮಂಚದ ಚೌಕಟ್ಟಿನ ಮೇಲೆ ಉಗುರಿನಲ್ಲಿ ತೋರಿಸಿದರು. ಎರಡು ಗೀರು. ನಿಲುಗಡೆ. ನಾನು ಮುಗಿಯಿತು ಅಂದುಕೊಂಡೆ. ಮತ್ತೆ ಒಂದೇ ಒಂದು ಸಣ್ಣ ಗೀರು. "ಲೆಕ್ಕ ಬರದಿದ್ರೆ ಸುಮ್ನೆ ಅಲ್ಲಾಡಿಸಿ ಅಳಿಸೋನು. ಬಂದ್ರೆ ಮಾತ್ರ ಮೊರದ ಅಂಚಿಗೆ ಬೆರಳಗಂಟಲ್ಲಿ ಒಂದು ಪೆಟ್ಟು." ಟಕ್ ಅಂತ ಮಂಚಕ್ಕೆ ಬಡಿದರು. "ನಾನು ಮಲಗಿದ್ದಲ್ಲಿಂದ್ಲೇ ಕೇಳ್ತಿದ್ದೆ, ಬಂತಾ ಅಂತ. ಬಂತು, ನೀನು ಮಲಕ್ಕೋ ಅನ್ನೋನು."

ಪ್ರಮೀಳಾ ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತಿದ್ದಳು. ಇದನ್ನು ಅವಳೂ ಮೊದಲ ಸಲ ಕೇಳುತ್ತಿದ್ದಳು ಅಂತ ಕಾಣುತ್ತದೆ.

"ಹಗಲೆಲ್ಲ ಸೊಪ್ಪು ಕೊಯ್ದು ಹೊತ್ತು ಬರೋಳು ನಾನು," ಅಂದರು ಅಜ್ಜಿ. "ನಾಲ್ಕನೇ ಜ್ವರ ಎದ್ಮೇಲೆ ಹುಳ ಬಿಡ್ತವಾ, ಎದ್ದೆದ್ದು ಸೊಪ್ಪು ಹಾಕ್ಬೇಕು. ಮೊರದ ಸದ್ದು ಕೇಳಿಸ್ತಿದ್ರೆ ಅವನು ಎಚ್ಚರ ಇದ್ದಾನೆ, ಅವನೇ ಹಾಕ್ತಾನೆ ಅಂತ ಧೈರ್ಯವಾಗಿ ನಿದ್ದೆ ಮಾಡ್ತಿದ್ದೆ. ಅವನು ಬೆಂಗಳೂರಿಗೆ ಓದೋಕೆ ಹೋದ. ನಿದ್ದೆನೂ ಅವನ ಟ್ರಂಕಿನಲ್ಲೇ ಹೋಯ್ತು."

"ಈಗ್ಲೂ ಅಷ್ಟೆ ಅಣ್ಣಾ," ಅಂದಳು ಪ್ರಮೀಳಾ. "ನಾನು ಯಾವಾಗ ಎದ್ದು ನೋಡಿದ್ರೂ ಕೂತಿರ್ತಾರೆ."

ಒಂದು ಮೊರ ಬೇಕಲ್ಲ ಅವ್ವಾ, ಈಗ ಅಂಗಡಿಯಲ್ಲಿ ಸಿಗುವುದು ಪ್ಲಾಸ್ಟಿಕ್ಕು ಅಂದೆ. ಆ ಹಳೆಯದು ಯಾವಾಗಲೋ ಒಲೆಗೆ ಹೋಗಿತ್ತು. ಪ್ರಮೀಳಾ ಅಟ್ಟದಿಂದ ಇನ್ನೊಂದು ಇಳಿಸಿದಳು. ಬಿದಿರಿನದು, ಸಂದುಗಳಿಗೆ ಸಗಣಿ ಸಾರಿಸಿ ಒಣಗಿಸಿದ್ದು. ನಾನು ಕೈ ಚಾಚಿದರೆ ಅಜ್ಜಿ ತಡೆದರು.

"ಬರಿದಾಗಿ ಮೊರ ಕೊಡಬಾರ್ದು ಕಣೇ. ರಾಗಿ ಹಾಕು."

ಒಂದು ಸೇರಿನಷ್ಟು ರಾಗಿ ಸುರಿದು ಬಟ್ಟೆ ಕಟ್ಟಿ ಕೊಟ್ಟರು. ಹೊರಡುವಾಗ, "ಸಿನಿಮಾಕ್ಕೆ ಬನ್ನಿ ಅವ್ವಾ, ಕೋಲಾರದಲ್ಲಿ ಹಾಕ್ತಾರೆ," ಅಂದೆ.

"ಸಿನಿಮಾಕ್ಕೆ ಬರಲ್ಲ. ನನ್ನ ಮೊರ ವಾಪಸ್ ಕೊಡ್ಬೇಕಲ್ಲ ನೀನು, ಅಲ್ಲಿಗೇ ತಾ. ಮೊರಕ್ಕೆ ಬರ್ತೀನಿ." ಆಮೇಲೆ ನಿಧಾನವಾಗಿ, "ಅವನು ಅದ್ರಲ್ಲಿ ಇದ್ರೆ ನಂಗೆ ಗೊತ್ತಾಗುತ್ತೆ," ಅಂದರು.

ಬಸ್ಸಿನಲ್ಲಿ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರು ಯಾರ ಮದುವೆ ಅಂತ ಕೇಳಿದ. ಮನಸ್ಸಿನಲ್ಲಿ ಓಡುತ್ತಿದ್ದದ್ದು ಒಂದೇ. ಮುಖ ಬೇರೆಯವನದು, ದನಿ ಬೇರೆಯವನದು. ಆ ಇಡೀ ಚಿತ್ರದಲ್ಲಿ ಅವರ ತಮ್ಮ ನಿಜವಾಗಿ ಇರಬಹುದಾದ ಜಾಗ ಅಂದರೆ ಆ ಒಂದು ನಿಮಿಷ, ಕೈ ಕಾಣದ ಆ ಬೆನ್ನಿನ ಆಚೆ. ಅಲ್ಲಿ ವಯಲಿನ್ ಕೂತುಬಿಟ್ಟರೆ ಅಜ್ಜಿ ಬಂದೂ ದಂಡ.

ಮರುದಿನ ಸ್ಟುಡಿಯೋದಲ್ಲಿ ಮೊರ ಖಾಲಿ ಮಾಡಬೇಕಿತ್ತು. ಹಳೆಯ ಪೇಪರ್ ಹಾಸಿ, ಅದರ ಮೇಲೆ ಊಟಕ್ಕೆ ತಂದಿದ್ದ ಮುತ್ತುಗದ ಎಲೆ ಹಾಗೇ ಇದ್ದದ್ದು ನೋಡದೆ, ರಾಗಿಯನ್ನು ಬೆರಳ ಸಂದಿನಿಂದ ಮೆಲ್ಲಗೆ ಬಿಟ್ಟೆ. ಮೈಕು ತೆರೆದಿತ್ತು. ಗಾಜಿನ ಆಚೆಯಿಂದ ಶ್ರೀಕಂಠಯ್ಯನವರ ದನಿ ಬಂತು.

"ಏನಯ್ಯಾ, ಮತ್ತೆ ಹುಳ ತಂದ್ಯಾ? ಆ ಬಸವರಾಜುನ ಹೊರಗೆ ಕಳಿಸು ಮೊದಲು."

ನಾನು ಕೈ ನಿಲ್ಲಿಸಿದೆ. ಸದ್ದು ನಿಂತಿತು. ಮತ್ತೆ ಬಿಟ್ಟೆ. ಒಣಗಿದ ಎಲೆಯ ಮೇಲೆ ರಾಗಿ ಬೀಳುತ್ತಿತ್ತು, ಹುತ್ತೂರಿನ ನಮ್ಮ ಉದ್ದನೆಯ ಮನೆ ಅಲ್ಲಿ ಕೋಣೆಯೊಳಗೆ ಬಂದು ನಿಂತಿತ್ತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಟ್ಟೆ ಎಳೆಯುತ್ತಿದ್ದಳು. ನಾನು ಆವತ್ತು ಅದನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಮಾಡಿದೆ. ಶ್ರೀಕಂಠಯ್ಯನವರೂ ಸಾಕು ಅನ್ನಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಾಫಿ ಬಂತು.

ಮೊರದ ಕೆಲಸ ಮಾತ್ರ ದಿನಗಟ್ಟಲೆ ಹಿಡಿಯಿತು. ಸುಣ್ಣದ ಪುಡಿ ಹಾರಿ ಮೈಕಿಗೆ ಹೋಗದಂತೆ ತೆಳ್ಳನೆಯ ಬಟ್ಟೆ ಕಟ್ಟಿದೆ, ನನ್ನ ಮೂಗಿಗೂ ಒಂದು. ಹಿಪ್ಪುನೇರಳೆ ಕಡ್ಡಿ ಹಸಿಯಾಗಿದ್ದರೆ ಸದ್ದಿಲ್ಲ, ತೀರಾ ಒಣಗಿದ್ದರೆ ಕಿರ್ ಅನ್ನುತ್ತದೆ. ಪರದೆಯಲ್ಲಿ ಹುಡುಗನ ಭುಜ ಅಲುಗುತ್ತಲೇ ಇರುತ್ತದೆ, ಅಜ್ಜಿ ತೋರಿಸಿದ್ದು ನಿಲ್ಲುವುದನ್ನು. ಭುಜದ ಯಾವ ಅಲುಗಾಟ ಬರೆಯುವುದು, ಯಾವುದು ಬರೀ ಉಸಿರಾಟ ಅಂತ ಆರಿಸಬೇಕಾಯಿತು. ಹೊಸಬರಿಗೆ ಇದೊಂದು ಮಾತು ಹೇಳುತ್ತೇನೆ. ಕಾಣುವ ಪ್ರತಿ ಅಲುಗಾಟಕ್ಕೂ ಸದ್ದು ಹಾಕಬೇಡಿ. ಯೋಚನೆ ಮಾಡುವವನ ಕೈ ಬಹಳ ಹೊತ್ತು ಏನೂ ಮಾಡುವುದಿಲ್ಲ.

ಮಿಕ್ಸಿಂಗ್ ದಿನ ಕಾರ್ತಿಕ್ ಬಂದು ಕೂತ. ದೃಶ್ಯ ಬಂತು, ವಯಲಿನ್ ಎದ್ದಿತು, ಅದರ ಕೆಳಗೆ ನಮ್ಮದೆಲ್ಲ ಮುಚ್ಚಿಹೋಯಿತು. ಶ್ರೀಕಂಠಯ್ಯನವರು ಏನೂ ಮಾತಾಡದೆ ರೀಲು ಹಿಂದಕ್ಕೆ ತಂದು, ಸಂಗೀತದ ಗುಂಡಿಯನ್ನು ಪೂರ್ತಿ ಕೆಳಗೆ ಎಳೆದು ದೃಶ್ಯವನ್ನು ಮತ್ತೆ ಬಿಟ್ಟರು.

ಕಾರ್ತಿಕ್ ಪೂರ್ತಿ ನೋಡಿದ. "ಮಳೆ ಅಂದ್ಕೋತಾರೆ ಸಾರ್ ಜನ."

"ಅಂದ್ಕೊಳ್ಳಲಿ," ಅಂದರು ಶ್ರೀಕಂಠಯ್ಯನವರು.

"ಇಲ್ಲಿ ತುಂಬ ಖಾಲಿ ಇದೆ. ಅವನು ಜೀನಿಯಸ್ ಅಂತ ಗೊತ್ತಾಗಬೇಕಲ್ಲ."

"ಅವರಕ್ಕನಿಗೆ ಗೊತ್ತಿದ್ದಿದ್ದು ಇಷ್ಟೇ ಕಾರ್ತಿಕ್," ಅಂದೆ ನಾನು. ಮೊರದ ಅಂಚಿನ ಪೆಟ್ಟಿನ ಕಥೆ, ಹೊಸಿಲ ಹತ್ತಿರದ ಸೀಮೆಸುಣ್ಣದ ಕಥೆ ಹೇಳಿದೆ. ಅವನು ಎದ್ದು ಹೊರಗೆ ಹೋಗಿ ಒಂದು ಸುತ್ತು ಹಾಕಿ ಬಂದ. ಸಂಗೀತ ಮಾಡಿದವರಿಗೆ ಏನು ಹೇಳಲಿ ಅನ್ನುವುದು ಅವನ ಕಷ್ಟ, ಅದೂ ಸುಳ್ಳಲ್ಲ. ಕೊನೆಗೆ ಪೆಟ್ಟು ಬೀಳುವವರೆಗೆ ನಮ್ಮದು, ಪೆಟ್ಟಿನ ಮೇಲೆ ವಯಲಿನ್ ಅಂತ ಒಪ್ಪಂದವಾಯಿತು. ಪೂರ್ತಿ ಸಿಗಲಿಲ್ಲ, ಸಿಕ್ಕಷ್ಟು ಸಿಕ್ಕಿತು. ಈ ಕೆಲಸದಲ್ಲಿ ಯಾವತ್ತೂ ಹಾಗೆಯೇ.

ಕೋಲಾರದ ಟಾಕೀಸಿನಲ್ಲಿ ಮಧ್ಯಾಹ್ನದ ಆಟ. ಮೊರಕ್ಕೆ ಹೊಸ ರಾಗಿ ತುಂಬಿಸಿ ಬಟ್ಟೆ ಹೊದಿಸಿ ತಂದಿದ್ದೆ. ನಾನು ಮಾತ್ರ ಬರಿದಾಗಿ ಕೊಡುವುದು ಹೇಗೆ. ಗೇಟಿನಲ್ಲಿ ಟಿಕೆಟ್ ಹರಿಯುವವನು ಒಳಗೆ ತಿಂಡಿ ತರಬಾರದು ಅಂದ. ಹಸಿ ರಾಗಿ ಕಣಪ್ಪ, ಯಾರು ತಿಂತಾರೆ ಅಂದ ಮೇಲೆ ಬಿಟ್ಟ. ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದರು. ಕುರ್ಚಿಯಲ್ಲಿ ಕಾಲು ಮಡಿಸಿ ಕೂತರು. ನಾನು ಪಕ್ಕದಲ್ಲಿ, ಮೊರ ನನ್ನ ತೊಡೆಯ ಮೇಲೆ.

"ಈಗ್ಲೇ ಕೊಟ್ಬಿಡ್ಲಾ ಅವ್ವಾ?"

"ಇರ್ಲಿ. ಅವನು ಬಂದ್ಮೇಲೆ," ಅಂದರು.

ಚಿತ್ರ ಶುರುವಾಯಿತು. ಅವರು ಕೈ ಕಟ್ಟಿಕೊಂಡು, ಯಾರದೋ ಮನೆಯ ಪಂಚಾಯಿತಿಗೆ ಕೂತವರ ಹಾಗೆ ಇದ್ದರು. ಹುಡುಗನ ದನಿ ಬಂದಾಗಲೆಲ್ಲ ತುಟಿ ಸ್ವಲ್ಪ ಬಿಗಿಯಾಗುತ್ತಿತ್ತು. ಶಾಲೆಯ ಮೇಷ್ಟರು ಬೈಯುವಾಗ ಪ್ರಮೀಳಾ ಅತ್ತಳು, ಇವರು ಅಳಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಸದ್ದನ್ನು ಎಷ್ಟೋ ಜನ ಕೇಳಿದ್ದಾರೆ, ಹೀಗೆ ಒಬ್ಬರು ಪರೀಕ್ಷೆ ಮಾಡಲು ಕೂತದ್ದಿಲ್ಲ.

ಆ ದೃಶ್ಯ ಬಂತು. ಮೊದಲು ಹುಳ. ಮುಂದಿನ ಸಾಲಿನ ಹೆಂಗಸೊಬ್ಬರು ಗಂಡನಿಗೆ, "ಮಳೆ ಹಿಡ್ಕೊಂತು ನೋಡ್ರಿ," ಅಂದರು. ಅಜ್ಜಿ ಕಟ್ಟಿದ ಕೈ ಬಿಡಿಸಿದರು. ಬಾಗಿ ಆ ಹೆಂಗಸಿಗೆ ಏನೋ ಹೇಳಲು ಹೊರಟವರು ಅಲ್ಲೇ ತಡೆದುಕೊಂಡರು. ಎರಡು ಗೀರು ಬಿತ್ತು. ಆಮೇಲೆ ಏನೂ ಇಲ್ಲ.

ಟಾಕೀಸಿನಲ್ಲಿ ಯಾರೋ ಕೆಮ್ಮಿದರು. ಅಜ್ಜಿಯ ಕಿವಿ ಪರದೆಯ ಕಡೆ ಇತ್ತು. ಒಂದು ಸಣ್ಣ ಗೀರು. ಮತ್ತೆ ಏನೂ ಇಲ್ಲ, ರಾಗಿಯ ಹುಳಗಳು ಮೇಯುತ್ತಲೇ ಇದ್ದವು. ಆಮೇಲೆ ಅಂಚಿಗೆ ಬೆರಳಗಂಟಿನ ಪೆಟ್ಟು, ಟಕ್.

"ಬಂತಾ?" ಅಂದರು ಅಜ್ಜಿ.

ಮೆಲ್ಲಗೆ ಅಂದರು, ಮಲಗಿದ ಜಾಗದಿಂದ ಕೇಳುವವರ ಹಾಗೆ. ಪರದೆಯ ಹುಡುಗ ತಿರುಗಲಿಲ್ಲ. ಅವನಿಗೆ ಅಲ್ಲಿ ಮಾತು ಬರೆದಿರಲಿಲ್ಲ. ಹೇಳಬೇಕಾದ ಉತ್ತರ ನನಗೆ ಗೊತ್ತಿತ್ತು, ತುಟಿಯವರೆಗೂ ಬಂದಿತ್ತು. ಹೇಳಲಿಲ್ಲ. ಬೇರೆಯವರ ಕಾಲಿಗೆ, ಕೈಗೆ ಸದ್ದು ಕೊಡುವುದು ನಮ್ಮ ಕೆಲಸ. ಆ ಮಾತು ಒಬ್ಬನದೇ, ಅವನು ಅದನ್ನು ಜೊತೆಗೇ ತೆಗೆದುಕೊಂಡು ಹೋಗಿದ್ದ.

ವಯಲಿನ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ನನ್ನ ಭುಜಕ್ಕೆ ಏನೋ ತಾಗಿತು. ತಿರುಗಿ ನೋಡಿದೆ. ಅಜ್ಜಿಯ ತಲೆ. ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ಉದ್ದವಾಗಿ ಬರುತ್ತಿತ್ತು. ಪ್ರಮೀಳಾ ಆ ಕಡೆಯಿಂದ ಬಗ್ಗಿ ನೋಡಿ ಗಾಬರಿಯಾಗಿ ಮೂಗಿನ ಹತ್ತಿರ ಬೆರಳು ಹಿಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಮಲಗವ್ರೆ ಅಣ್ಣಾ," ಅಂದಳು ಪಿಸುದನಿಯಲ್ಲಿ. "ನಿಜವಾಗ್ಲೂ ಮಲಗವ್ರೆ."

ತಮ್ಮ ಕಾಲೇಜು ಸೇರಿದ, ಅಣಕಿಸಿದವರ ಮುಂದೆ ಗೆದ್ದ, ವಿಮಾನ ಹತ್ತಿದ. ಮಧ್ಯಂತರದಲ್ಲಿ ದೀಪ ಹಾಕಿದರು, ಪಾಪ್‌ಕಾರ್ನ್ ಮಾರುವ ಹುಡುಗಿ ಎರಡು ಸಲ ಬಂದು ಹೋದಳು. ಮುಂದಿನ ಸಾಲಿನ ಹೆಂಗಸು ತಿರುಗಿ, ಪಾಪ ಅಜ್ಜಿಗೆ ಬೋರಾಯ್ತೇನೋ ಅಂದರು. ಕೊನೆಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಅಜ್ಜಿ ಯಾವುದಕ್ಕೂ ಏಳಲಿಲ್ಲ.

ಮೂವತ್ತು ವರ್ಷ ಸದ್ದು ಮಾಡಿ ಅನ್ನ ತಿಂದವನು ನಾನು. ಆವತ್ತು ಅಷ್ಟೂ ಹೊತ್ತು, ತೊಡೆಯ ಮೇಲಿನ ಮೊರದಲ್ಲಿ ಒಂದು ರಾಗಿ ಕಾಳೂ ಅಲುಗದ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದೆ.